ಕ್ರಿಸ್ಮಸ್ ಹಬ್ಬಕ್ಕೆ ಎಷ್ಟು ಮುಂಚಿತವಾಗಿ ಸಿದ್ಧರಾಗಬೇಕು?

ಹೊತ್ತು ತಪ್ಪಿದ ಕೆಲಸವನ್ನು ಕುರಿತು ನಮ್ಮ ಹಿರಿಯರು ಎರಡು ಗಾದೆಗಳನ್ನು ಬಿಟ್ಟುಹೋಗಿದ್ದಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬುದು ಒಂದು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದರು ಎಂಬುದು ಮತ್ತೊಂದು. ತಡಮಾಡಿದವನನ್ನು ಮೊದಲನೆಯದು ಹಾಸ್ಯಮಾಡುತ್ತದೆ; ಆತುರಪಟ್ಟವನನ್ನು ಎರಡನೆಯದು. ಇವೆರಡರ ನಡುವಣ ಸರಿಯಾದ ಹೊತ್ತು ಯಾವುದೆಂಬುದನ್ನು ಮಾತ್ರ ಗಾದೆಗಳು ತಿಳಿಸುವುದಿಲ್ಲ. ಅದನ್ನು ನಾವೇ ಕಂಡುಕೊಳ್ಳಬೇಕು. ಕೂಸೊಂದರ ಹುಟ್ಟನ್ನೇ ಕೊಂಡಾಡುವ ಕ್ರಿಸ್ಮಸ್ ಹಬ್ಬದ ವಿಷಯದಲ್ಲಿ ಈ ಪ್ರಶ್ನೆ ವರ್ಷವರ್ಷವೂ ತಲೆಯೆತ್ತುವುದುಂಟು. ಡಿಸೆಂಬರ್ 25ನೆಯ ತಾರೀಖಿನ ಹಬ್ಬಕ್ಕೆ ಜನರು ಎಂದಿನಿಂದ ಸಿದ್ಧರಾಗತಕ್ಕದ್ದು? ಅಕ್ಟೋಬರಿನಲ್ಲಿಯೇ ಅಂಗಡಿಯ ಗಾಜಿನ ಕಿಟಕಿಗಳಲ್ಲಿ ನಕ್ಷತ್ರವೂ ಹತ್ತಿಯ ಹಿಮವೂ ಕಾಣಿಸಿಕೊಂಡರೆ ಇದು ಬಹಳ ಬೇಗವಾಯಿತೆಂದು ಕೆಲವರು ಮುಖ ಸಿಂಡರಿಸುವರು. ಹಬ್ಬದ ಹಿಂದಿನ ಸಂಜೆ ಬೀದಿ ಬೀದಿ ಓಡಾಡುವವರನ್ನು ಕಂಡು, ಇಷ್ಟು ದಿನ ಏನು ಮಾಡುತ್ತಿದ್ದರೆಂದು ಮತ್ತೆ ಕೆಲವರು ನಗುವರು.

ಇದು ಕ್ರೈಸ್ತರ ಮನೆಯ ಮಾತು, ನಮಗೇಕೆ ಎಂದು ಶ್ರೋತೃಗಳಲ್ಲಿ ಯಾರಾದರೂ ಕೇಳಬಹುದು. ಹಬ್ಬ ಅವರದಾದರೂ ಪ್ರಶ್ನೆ ಎಲ್ಲರದು. ಮನೆಯೊಳಗೆ ಹುಟ್ಟಿದ ಹಬ್ಬವು ಅಂಗಡಿಯ ಕೈಗೆ ಸಿಕ್ಕಿದ ಮೇಲೆ ಅದರ ದಿನಗಳು ಹೇಗೆ ಹಿಗ್ಗುತ್ತವೆ, ಅದರ ಸಾರ ಹೇಗೆ ತಗ್ಗುತ್ತದೆ ಎಂಬುದಕ್ಕೆ ಕ್ರಿಸ್ಮಸ್ಸಿನಷ್ಟು ಸ್ಪಷ್ಟವಾದ ದೃಷ್ಟಾಂತ ಮತ್ತೊಂದಿಲ್ಲ. ದೀಪಾವಳಿಗೂ ಯುಗಾದಿಗೂ ಅದೇ ಗಾಳಿ ಬೀಸುತ್ತಿರುವ ಈ ದಿನಗಳಲ್ಲಿ ಅದನ್ನು ವಿಚಾರಮಾಡುವುದು ಅಪ್ರಕೃತವಾಗಲಾರದು.

ಮೊದಲು, ಹಬ್ಬವನ್ನು ಕೊಟ್ಟ ಕ್ರೈಸ್ತಸಭೆಯೇ ಏನು ಹೇಳುತ್ತದೆಂಬುದನ್ನು ಕೇಳೋಣ. ಕ್ರಿಸ್ಮಸ್ಸಿಗೆ ಹಿಂದಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಗೆ ಪಾಶ್ಚಾತ್ಯ ಸಭೆಯು ಆಗಮನ ಕಾಲವೆಂದು ಹೆಸರಿಟ್ಟಿದೆ. ಅದರ ಮೊದಲನೆಯ ಭಾನುವಾರ ನವೆಂಬರ್ 27ಕ್ಕೂ ಡಿಸೆಂಬರ್ 3ಕ್ಕೂ ನಡುವೆ ಬೀಳುತ್ತದೆ. ಪ್ರಾಚ್ಯ ಸಂಪ್ರದಾಯದ ಸಭೆಗಳಲ್ಲಿ ಹಬ್ಬಕ್ಕೆ ಮುಂಚೆ ನಲವತ್ತು ದಿನಗಳ ಉಪವಾಸವುಂಟು. ನಮ್ಮ ನೆರೆಯ ಕೇರಳದ ಸಿರಿಯನ್ ಕ್ರೈಸ್ತರು ಡಿಸೆಂಬರ್ ಮೊದಲನೆಯ ತಾರೀಖಿನಿಂದ ಇಪ್ಪತ್ತೈದು ದಿನಗಳ ನೋಂಪಿಯನ್ನು ಹಿಡಿಯುವರು. ಮಾಂಸಾಹಾರವನ್ನು ಬಿಟ್ಟು, ಹಬ್ಬದ ದಿನವೇ ವ್ರತವನ್ನು ಮುಗಿಸುವರು. ಆದ್ದರಿಂದ ಎಷ್ಟು ಮುಂಚೆ ಎಂಬ ಪ್ರಶ್ನೆಗೆ ಸಭೆ ಕೊಡುವ ಉತ್ತರ ಸುಮಾರು ನಾಲ್ಕರಿಂದ ಆರು ವಾರ. ಆದರೆ ಈ ವಾರಗಳಲ್ಲಿ ಮಾಡತಕ್ಕದ್ದು ಏನೆಂಬುದನ್ನು ನಾವು ಗಮನಿಸಬೇಕು. ಪಾದ್ರಿಗಳು ಪಶ್ಚಾತ್ತಾಪವನ್ನು ಸೂಚಿಸುವ ನೇರಳೆ ಬಣ್ಣದ ನಿಲುವಂಗಿಯನ್ನು ಧರಿಸುವರು, ಹಾಡು ತಗ್ಗುತ್ತದೆ, ಊಟ ಕಡಿಮೆಯಾಗುತ್ತದೆ. ಸಿದ್ಧತೆಯೆಂದರೆ ಅಲ್ಲಿ ತುಂಬಿಕೊಳ್ಳುವುದಕ್ಕಾಗಿ ಬರಿದಾಗುವುದು. ಅತಿಥಿ ಬರುವನೆಂದು ಮನೆಯನ್ನು ಗುಡಿಸಿ ಸಾರಿಸುವ ಕೆಲಸದಂತೆ ಅದು; ಅತಿಥಿ ಬರುವ ಮುಂಚೆಯೇ ಎಲೆ ಹಾಕಿಕೊಂಡು ಕುಳಿತುಬಿಡುವುದು ಅಲ್ಲಿನ ಮರ್ಯಾದೆಯಲ್ಲ. ಹಬ್ಬವು 25ನೆಯ ತಾರೀಖು ಆರಂಭವಾಗಿ ಹನ್ನೆರಡು ದಿನಗಳು ನಡೆದು, ಜ್ಞಾನಿಗಳು ಕೂಸನ್ನು ಕಾಣಬಂದುದರ ಸ್ಮರಣೆಯಾದ ಜನವರಿ 6ರ ಹೊತ್ತಿಗೆ ಮುಗಿಯುತ್ತಿತ್ತು.

ಈಗ ಲೋಕದ ಬಹುಭಾಗದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಉಪವಾಸವಿರಬೇಕಾದ ನಾಲ್ಕು ವಾರ ಔತಣಗಳ ನಾಲ್ಕು ವಾರವಾಗಿದೆ. 25ರ ಮಧ್ಯಾಹ್ನದ ಊಟವಾದೊಡನೆ ಹಬ್ಬವೂ ಆಯಿತೆಂಬ ಭಾವನೆ. ಹನ್ನೆರಡು ದಿನಗಳು ಮುಗಿಯುವುದನ್ನು ಕಾಯದೆ ಒಣಗಿದ ಮರಗಳು ಎಷ್ಟೋ ಬೀದಿಗಳ ಅಂಚಿಗೆ ಬಂದು ಬೀಳುತ್ತವೆ. ಮುಂಚಿತವಾಗಿ ಆರಂಭಿಸಿದವರು ಹೆಚ್ಚು ದಿನ ಆಚರಿಸಿದರೆಂದು ತೋರಬಹುದು. ನಿಜವಾಗಿ ನೋಡಿದರೆ ಹಬ್ಬ ಬಂದ ದಿನವೇ ಅವರು ಅದನ್ನು ಬೀಳ್ಕೊಡುತ್ತಾರೆ.

ಇನ್ನು ಅಡಿಗೆಯ ಮನೆಯ ಮಾತು. ಇಂಗ್ಲೆಂಡಿನಲ್ಲಿ ಕ್ರಿಸ್ಮಸ್ ಪುಡ್ಡಿಂಗ್ ಎಂಬ ಒಂದು ಬಗೆಯ ಕಡುಬನ್ನು ಮಾಡುತ್ತಾರೆ. ಒಣದ್ರಾಕ್ಷಿ, ಸಕ್ಕರೆ, ಮೊಟ್ಟೆ, ಬ್ರೆಡ್ಡಿನ ಪುಡಿ, ಕೊಬ್ಬು, ಜಾಯಿಕಾಯಿ ಮೊದಲಾದ ಸಾಂಬಾರ ಪದಾರ್ಥಗಳು, ಸ್ವಲ್ಪ ಬ್ರಾಂದಿ, ಇವನ್ನೆಲ್ಲ ಕಲಸಿ, ಹಲವು ಗಂಟೆಗಳ ಕಾಲ ಬೇಯಿಸಿ, ತಂಪಾದ ಕಡೆ ಕಟ್ಟಿಡುತ್ತಾರೆ. ಹಬ್ಬದ ದಿನ ಮತ್ತೆ ಬೇಯಿಸಿ ಬಡಿಸುತ್ತಾರೆ. ಸಂಪ್ರದಾಯದಂತೆ ಇದನ್ನು ಕಲಸುವ ದಿನ ಆಗಮನ ಕಾಲಕ್ಕೆ ಹಿಂದಿನ ಭಾನುವಾರ. ಎಂದರೆ ಹಬ್ಬಕ್ಕೆ ಸುಮಾರು ಐದು ವಾರ ಮುಂಚೆ. ಈ ದಿನ ಗೊತ್ತಾದ ಬಗೆ ಸ್ವಾರಸ್ಯವಾಗಿದೆ. 1549ರಲ್ಲಿ ಅಚ್ಚಾದ ಇಂಗ್ಲಿಷ್ ಪ್ರಾರ್ಥನಾ ಗ್ರಂಥದಲ್ಲಿ ಆ ಭಾನುವಾರಕ್ಕೆ ಗೊತ್ತುಮಾಡಿದ್ದ ಪ್ರಾರ್ಥನೆಯು, ಭಕ್ತರ ಮನಸ್ಸನ್ನು ಕಲಕಿ ಎಬ್ಬಿಸಬೇಕೆಂದು ದೇವರನ್ನು ಬೇಡುತ್ತಿತ್ತು. ಕಲಕುವ ಮಾತು ಕಿವಿಗೆ ಬಿದ್ದೊಡನೆ ಗೃಹಿಣಿಯರಿಗೆ ಮನೆಯ ಪಾತ್ರೆ ನೆನಪಾಯಿತು. ಆ ಭಾನುವಾರಕ್ಕೆ ಕಲಕುವ ಭಾನುವಾರವೆಂದೇ ಹೆಸರಾಯಿತು. ಮನೆಯವರೆಲ್ಲರೂ ಸರದಿಯಂತೆ ಬಂದು ಸೌಟನ್ನು ಹಿಡಿದು ಒಂದೊಂದು ಸುತ್ತು ಕಲಕಿ ಮನಸ್ಸಿನಲ್ಲಿಯೇ ಒಂದೊಂದು ವರವನ್ನು ಕೇಳಿಕೊಳ್ಳುವುದು ಅಲ್ಲಿನ ವಾಡಿಕೆ.

ಇಲ್ಲಿ ಐದು ವಾರ ಮುಂಚೆ ಕೈಹಚ್ಚುವುದನ್ನು ಆತುರವೆನ್ನುವ ಹಾಗಿಲ್ಲ. ಆ ಪದಾರ್ಥ ಹಣ್ಣಾಗುವುದಕ್ಕೆ ಅಷ್ಟು ಕಾಲ ಬೇಕು. ಸಕ್ಕರೆಯೂ ಮದ್ಯವೂ ಅದು ಕೆಡದಂತೆ ಕಾಯುತ್ತವೆ. ದಿನಗಳು ಕಳೆದ ಹಾಗೆ ಹಣ್ಣಿನ ರಸವೂ ಸಾಂಬಾರದ ಗಂಧವೂ ಒಂದರೊಳಗೊಂದು ಬೆರೆಯುತ್ತವೆ. ಬೆಂಗಳೂರಿನಲ್ಲಿ ಕ್ರಿಸ್ಮಸ್ ಕೇಕು ಮಾಡುವ ಮನೆಗಳಲ್ಲಿ ವಾರಗಟ್ಟಲೆ, ಕೆಲವು ಕಡೆ ತಿಂಗಳುಗಟ್ಟಲೆ ಮುಂಚೆಯೇ ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಹಾಕುವುದೂ ಇದೇ ಕಾರಣದಿಂದ. ಮಾವಿನ ಕಾಲದಲ್ಲಿ ಉಪ್ಪಿನಕಾಯಿ ಹಾಕಿ, ಬಿಸಿಲಿನ ಕಾಲದಲ್ಲಿ ಹಪ್ಪಳ ಸಂಡಿಗೆ ಒಣಗಿಸಿ ವರ್ಷಕ್ಕೆ ಒದಗಿಸಿಕೊಳ್ಳುವ ನಮ್ಮ ಮನೆಯ ಹೆಂಗಸರಿಗೆ ಈ ಶಾಸ್ತ್ರವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಎಲ್ಲ ತಿಂಡಿಗೂ ಒಂದೇ ಕಾಲವಿಲ್ಲ. ಮಂಗಳೂರಿನ ಕೊಂಕಣಿ ಕ್ರೈಸ್ತರು ಕ್ರಿಸ್ಮಸ್ಸಿಗಾಗಿ ಕುಸ್ವಾರ್ ಎಂಬ ತಿಂಡಿಗಳ ಸಮೂಹವನ್ನೇ ಸಿದ್ಧಪಡಿಸುತ್ತಾರೆ. ಒಳಗೆ ಎಳ್ಳು ಕೊಬ್ಬರಿಯ ಹೂರಣವುಳ್ಳ ನೆವ್ರಿ, ಸುರುಳಿ ಸುತ್ತಿ ಕರಿದು ಸಕ್ಕರೆ ಹಿಡಿಸಿದ ಕಿಡಿಯೊ, ಅಚ್ಚಿನಲ್ಲಿ ಅದ್ದಿ ಕರಿದ ಗುಲಾಬಿ ಹೂವಿನಾಕಾರದ ತಿಂಡಿ ಮೊದಲಾದುವು ಅದರಲ್ಲಿ ಸೇರಿವೆ. ಕರಿದ ತಿಂಡಿಗಳನ್ನು ಅಕ್ಟೋಬರಿನಲ್ಲಿ ಮಾಡಿಟ್ಟರೆ ಡಿಸೆಂಬರಿನಲ್ಲಿ ಎಣ್ಣೆಯ ಕಮಟು ವಾಸನೆ ಬರುವುದು ನಿಶ್ಚಯ. ಆದಕಾರಣ ಹಬ್ಬ ಹತ್ತಿರವಾದಾಗ ಮನೆಮಂದಿಯೆಲ್ಲ ಒಟ್ಟಾಗಿ ಕುಳಿತು ಅವನ್ನು ಮಾಡಿ, ತಟ್ಟೆಗಳಲ್ಲಿ ತುಂಬಿ, ಜಾತಿ ಮತಗಳನ್ನೆಣಿಸದೆ ನೆರೆಹೊರೆಯವರಿಗೆ ಹಂಚುವರು. ಹೀಗೆ ಅಡಿಗೆಯ ಮನೆ ನಮಗೆ ಮೊದಲನೆಯ ಪಾಠವನ್ನು ಕಲಿಸುತ್ತದೆ: ಕಾಲ ಕಳೆದಂತೆ ರುಚಿಯೇರುವುದನ್ನು ಬೇಗ ಮಾಡಬೇಕು, ಕಾಲ ಕಳೆದಂತೆ ಹಳಸುವುದನ್ನು ತಡವಾಗಿ ಮಾಡಬೇಕು.

ಮೂರನೆಯದು ಅಂಗಡಿಯ ಮಾತು. ಅಂಗಡಿಯ ಲೆಕ್ಕ ಸರಳವಾದುದು. ಮಾರಾಟದ ದಿನಗಳು ಹೆಚ್ಚಿದಷ್ಟೂ ಲಾಭ. ಇದರ ಬಲ ಎಷ್ಟೆಂಬುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬಹುದು. ಅಲ್ಲಿ ಆಗ ನವೆಂಬರ್ ತಿಂಗಳ ಕೊನೆಯ ಗುರುವಾರ ಕೃತಜ್ಞತಾರ್ಪಣೆಯ ಹಬ್ಬವಾಗಿತ್ತು. ಅದು ಕಳೆದ ಮೇಲೆಯೇ ಕ್ರಿಸ್ಮಸ್ ವ್ಯಾಪಾರವನ್ನು ಆರಂಭಿಸುವುದು ವರ್ತಕರ ರೂಢಿಯಾಗಿತ್ತು. 1939ರಲ್ಲಿ ಆ ತಿಂಗಳಿಗೆ ಐದು ಗುರುವಾರಗಳು ಬಂದುದರಿಂದ ಹಬ್ಬ 30ನೆಯ ತಾರೀಖಿಗೆ ಬೀಳುವಂತಿತ್ತು. ವ್ಯಾಪಾರಕ್ಕೆ ಮೂರು ವಾರ ಮೂರು ದಿನ ಮಾತ್ರ ಉಳಿಯುವುದೆಂದು ವರ್ತಕರು ಮೊರೆಯಿಡಲು, ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಕೃತಜ್ಞತೆಯ ದಿನವನ್ನೇ ಒಂದು ವಾರ ಹಿಂದಕ್ಕೆ, 23ನೆಯ ತಾರೀಖಿಗೆ ತಂದರು. ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ಕೆಲವು ಸಂಸ್ಥಾನಗಳು ಹೊಸ ದಿನವನ್ನು ಒಪ್ಪಿದುವು, ಕೆಲವು ಹಳೆಯದನ್ನೇ ಹಿಡಿದುವು, ಎರಡು ದಿನವೂ ರಜೆ ಕೊಟ್ಟ ಸಂಸ್ಥಾನಗಳೂ ಇದ್ದುವು. ಕಡೆಗೆ 1941ರಲ್ಲಿ ನಾಲ್ಕನೆಯ ಗುರುವಾರವೇ ಹಬ್ಬವೆಂದು ಶಾಸನವಾಗಿ ಜಗಳ ತಣ್ಣಗಾಯಿತು. ದೇವರಿಗೆ ಕೃತಜ್ಞತೆಯನ್ನು ಸಲ್ಲಿಸುವ ದಿನವು ಗಲ್ಲಾಪೆಟ್ಟಿಗೆಯ ಅನುಕೂಲಕ್ಕಾಗಿ ಜರುಗಬೇಕಾಗಿ ಬಂದಿತೆಂಬುದು ಯೋಚಿಸತಕ್ಕ ವಿಷಯವಲ್ಲವೆ?

ಹಾಗೆಂದು, ಮುಂಚಿತವಾಗಿ ಕೊಳ್ಳುವುದೆಲ್ಲವೂ ವರ್ತಕನ ಮೋಹಜಾಲವೆಂದು ತೀರ್ಮಾನಿಸಿದರೆ ಅನ್ಯಾಯವಾಗುತ್ತದೆ. ಕ್ರಿಸ್ಮಸ್ ಸಾಮಾನನ್ನು ಬೇಗ ಕೊಳ್ಳಿರೆಂಬ ಕೂಗನ್ನು ಅದೇ ಅಮೆರಿಕಾದಲ್ಲಿ ದಯೆಯಿಂದ ಎಬ್ಬಿಸಿದವರೂ ಇದ್ದರು. 1899ರಲ್ಲಿ ಅಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಬಳಕೆದಾರರ ಸಂಘಕ್ಕೆ ಫ್ಲಾರೆನ್ಸ್ ಕೆಲಿ ಎಂಬ ಮಹಿಳೆ ಕಾರ್ಯದರ್ಶಿನಿಯಾಗಿದ್ದರು. ಹಬ್ಬಕ್ಕೆ ಹಿಂದಿನ ವಾರಗಳಲ್ಲಿ ದೊಡ್ಡ ಅಂಗಡಿಗಳ ಹೆಣ್ಣುಮಕ್ಕಳು ನಡುರಾತ್ರಿಯ ಸಮೀಪದವರೆಗೆ ನಿಂತೇ ದುಡಿಯಬೇಕಾಗಿತ್ತು. ಗಂಟುಗಳನ್ನು ಮನೆಮನೆಗೆ ಮುಟ್ಟಿಸುವ ಎಳೆಯ ಹುಡುಗರು ಚಳಿಯಲ್ಲಿ ಅಲೆಯಬೇಕಾಗಿತ್ತು. ಒಬ್ಬರ ಸಂತೋಷದ ಹಬ್ಬವು ಮತ್ತೊಬ್ಬರಿಗೆ ಯಾತನೆಯಾಗಿರುವುದನ್ನು ಕುರಿತು ಕೆಲಿಯವರು 1903ರಲ್ಲಿ ಒಂದು ತೀಕ್ಷ್ಣವಾದ ಲೇಖನವನ್ನು ಬರೆದರು. ಕೊನೆಯ ಗಳಿಗೆಯವರೆಗೆ ಕಾಯದೆ ಬೇಗ ಕೊಂಡುಕೊಂಡರೆ ಈ ಮಕ್ಕಳ ಭಾರ ಇಳಿಯುವುದೆಂಬುದು ಸಂಘದ ವಾದ. ಕಾಲಕ್ರಮದಲ್ಲಿ ಈ ದಯೆಯ ಮಾತನ್ನು ಜಾಹೀರಾತು ತನ್ನ ಮಾತನ್ನಾಗಿ ಮಾಡಿಕೊಂಡಿತು. ದಯೆ ಹೋಯಿತು, ಬೇಗ ಕೊಳ್ಳಿ ಎಂಬುದು ಮಾತ್ರ ಉಳಿಯಿತು.

ಅಂಚೆಯ ಇತಿಹಾಸವೂ ಇದನ್ನೇ ಹೇಳುತ್ತದೆ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಏರ್ಪಾಡಾದ ಮೇಲೆ ಕಾಗದ ಬರೆಯುವುದು ಸಾಮಾನ್ಯರಿಗೂ ಸುಲಭವಾಯಿತು. ಆ ಸುಧಾರಣೆಯಲ್ಲಿ ದುಡಿದಿದ್ದ ಹೆನ್ರಿ ಕೋಲ್ ಎಂಬಾತನು 1843ರಲ್ಲಿ ತನ್ನ ಸ್ನೇಹಿತರಿಗೆಲ್ಲ ಬೇರೆಬೇರೆಯಾಗಿ ಬರೆಯಲಾರದೆ, ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿ ಅಚ್ಚುಹಾಕಿಸಿದನು. ಕ್ರಿಸ್ಮಸ್ ಶುಭಾಶಯ ಪತ್ರ ಹುಟ್ಟಿದ್ದು ಹೀಗೆ. ಹುಟ್ಟಿದ ಕೆಲವು ದಶಕಗಳಲ್ಲಿಯೇ ಅದು ಅಂಚೆಯವನ ಚೀಲವನ್ನು ಹೊರಲಾರದಷ್ಟು ಮಾಡಿತು. ಹಬ್ಬದ ಕಾಗದಗಳನ್ನು ಬೇಗ ಹಾಕಿರೆಂದು ಅಂಚೆಯ ಇಲಾಖೆಯೇ ಜನರನ್ನು ಬೇಡಿಕೊಳ್ಳುವ ಸ್ಥಿತಿ ಬಂದಿತು.

ನಮ್ಮಲ್ಲಿ ಹಬ್ಬದ ಹಿಂದಿನ ರಾತ್ರಿ ದರ್ಜಿಯ ಅಂಗಡಿಯ ದೀಪ ಆರುವುದೇ ಇಲ್ಲವಷ್ಟೆ. ಅವನು ಹಬ್ಬದ ಬೆಳಗ್ಗೆ ಕೆಂಪಾದ ಕಣ್ಣುಗಳಿಂದ ತನ್ನ ಮಕ್ಕಳ ಮುಂದೆ ಹೋಗಿ ನಿಲ್ಲುವನು. ಅಂಗೈಯಲ್ಲಿ ಹಿಡಿದ ದೂರವಾಣಿಯಿಂದಲೇ ಸಾಮಾನು ತರಿಸಿಕೊಳ್ಳುವ ಈಗಿನ ದಿನಗಳಲ್ಲಿ ಗಂಟನ್ನು ಬಾಗಿಲಿಗೆ ತಂದಿಡುವ ಯುವಕನ ಪಾಡೂ ಇದಕ್ಕಿಂತ ಮೇಲಾಗಿಲ್ಲ. ನಮ್ಮ ತಡದ ಬೆಲೆಯನ್ನು ತೆರುವವರು ಇವರು. ಇದು ಎರಡನೆಯ ಪಾಠ: ಇತರರ ಕೈಯಿಂದ ಆಗಬೇಕಾದ ಕೆಲಸವನ್ನು ಎಷ್ಟು ಬೇಗ ಒಪ್ಪಿಸಿದರೂ ಬೇಗವಲ್ಲ.

ಬಡವರ ಸಿದ್ಧತೆಯ ಮಾತನ್ನೂ ಇಲ್ಲಿ ಸೇರಿಸಬೇಕು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೂಲಿಯವರು ಬಾತುಕೋಳಿಯ ಚೀಟಿಯೆಂದು ಹೇಳಬಹುದಾದ ಒಂದು ಏರ್ಪಾಡನ್ನು ಮಾಡಿಕೊಂಡಿದ್ದರು. ವಾರವಾರವೂ ಕೆಲವು ಪೆನ್ನಿಗಳನ್ನು ಕಟ್ಟುತ್ತ ಹೋದರೆ ಕ್ರಿಸ್ಮಸ್ಸಿಗೆ ಒಂದು ದೊಡ್ಡ ಬಾತುಕೋಳಿ ಮನೆಗೆ ಬರುತ್ತಿತ್ತು. ನಮ್ಮ ಊರುಗಳ ಹಬ್ಬದ ಚೀಟಿಯೂ ಇದೇ ಬಗೆಯದು. ತಿಂಗಳ ಕೂಲಿಯಲ್ಲಿ ಇಷ್ಟಿಷ್ಟೇ ಉಳಿಸಿ ಮಕ್ಕಳ ಅಂಗಿಗೆ ಬಟ್ಟೆ ಕೊಳ್ಳುವ ತಾಯಿ ಸೆಪ್ಟೆಂಬರಿನಲ್ಲಿ ಹಬ್ಬವನ್ನು ನೆನೆದರೆ ಅದನ್ನು ಕಂಡು ನಗುವ ಹಕ್ಕು ಕಿಸೆ ತುಂಬಿದವರಿಗಿಲ್ಲ. ಅವಳು ಹೊಲಿಸುವ ಕುಲಾವಿ ಗಾದೆಯ ಕುಲಾವಿಯಲ್ಲ.

ಹಾಗಾದರೆ ಬೇಗವಾದರೆ ಕೆಡುವುದು ಯಾವುದು? ಅಲಂಕಾರ, ಹಾಡು, ದೀಪ; ಒಟ್ಟಿನಲ್ಲಿ ಹಬ್ಬ ಬಂದಿತೆಂದು ಸಾರುವ ಗುರುತುಗಳು. ಕ್ರಿಸ್ಮಸ್ ಮರದ ತವರಾದ ಜರ್ಮನಿಯಲ್ಲಿ ಮರವನ್ನು ಸಿಂಗರಿಸುವುದು ಸಂಪ್ರದಾಯದಂತೆ 24ನೆಯ ತಾರೀಖು. ಮುಚ್ಚಿದ ಬಾಗಿಲಿನ ಹಿಂದೆ ತಂದೆತಾಯಿಗಳು ಮರವನ್ನು ಅಣಿಮಾಡಿ, ಸಂಜೆ ಗಂಟೆ ಬಾರಿಸಿ, ಬಾಗಿಲು ತೆರೆದಾಗಲೇ ಮಕ್ಕಳು ಅದನ್ನು ಕಾಣುತ್ತಿದ್ದರು. ಎಂಟು ವಾರದಿಂದ ಅಂಗಡಿಯಲ್ಲಿ ಕಂಡು ಕಂಡು ಬೇಸತ್ತ ಮರಕ್ಕೆ ಆ ಬೆರಗನ್ನು ಉಂಟುಮಾಡುವ ಶಕ್ತಿಯಿಲ್ಲ. ನಾವು ಯುಗಾದಿಯ ಮಾವಿನ ತೋರಣವನ್ನು ಹಬ್ಬದ ಬೆಳಗ್ಗೆ ಕಟ್ಟುತ್ತೇವೆ. ವಾರಕ್ಕೆ ಮುಂಚೆ ಕಟ್ಟಿದರೆ ಹಬ್ಬದ ದಿನ ಬಾಗಿಲಲ್ಲಿ ತರಗೆಲೆ. ನವರಾತ್ರಿಯ ಬೊಂಬೆಗಳು ವರ್ಷವೆಲ್ಲ ಪೆಟ್ಟಿಗೆಯಲ್ಲಿರುವುದರಿಂದಲೇ ಪಾಡ್ಯದ ದಿನ ಅವು ಮಕ್ಕಳ ಕಣ್ಣಿಗೆ ಹೊಸದಾಗಿ ಕಾಣುತ್ತವೆ.

ರೇಡಿಯೋ ಕೇಳುವವರಿಗೆ ಪರಿಚಿತವಾದ ಒಂದು ನಿದರ್ಶನವೂ ಉಂಟು. ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರದಲ್ಲಿ 1918ರಿಂದ ಡಿಸೆಂಬರ್ 24ರ ಮಧ್ಯಾಹ್ನ ಪಾಠಗಳೂ ಕೀರ್ತನೆಗಳೂ ಸೇರಿದ ಒಂದು ಆರಾಧನೆ ನಡೆಯುತ್ತದೆ, ಬಿ. ಬಿ. ಸಿ.ಯವರು ಅದನ್ನು ಮೊದಲು ಬಿತ್ತರಿಸಿದ್ದು 1928ರಲ್ಲಿ. ಮೊದಲ ಕೀರ್ತನೆಯ ಮೊದಲ ಚರಣವನ್ನು ಒಬ್ಬ ಹುಡುಗನು ಒಂಟಿಯಾಗಿ, ಪಕ್ಕವಾದ್ಯವಿಲ್ಲದೆ ಹಾಡಬೇಕು. ಹಲವು ಹುಡುಗರು ಅದನ್ನು ಅಭ್ಯಾಸ ಮಾಡಿರುತ್ತಾರೆ. ಹಾಡುವವನು ಯಾರೆಂಬುದನ್ನು ಗುರುವು ಆ ಗಳಿಗೆಯಲ್ಲಿಯೇ ಕೈಸನ್ನೆಯಿಂದ ತೋರಿಸುವುದು ಅಲ್ಲಿನ ಪ್ರಸಿದ್ಧವಾದ ಪದ್ಧತಿ. ಅಭ್ಯಾಸಕ್ಕೆ ವಾರಗಳು, ಆಯ್ಕೆಗೆ ಒಂದು ಕ್ಷಣ. ಬಾಲಕನಿಗೆ ಹೆದರುವುದಕ್ಕೂ ಬೀಗುವುದಕ್ಕೂ ವೇಳೆಯಿಲ್ಲ, ಹಾಡುವುದೊಂದೇ ಉಳಿದಿರುತ್ತದೆ.

ಕಾಯುವುದು ಮಕ್ಕಳಿಗೆ ಕಷ್ಟವಲ್ಲವೆ ಎಂದು ಕೇಳುವವರಿಗೆ ಹ್ಯಾಂಬರ್ಗಿನ ಯೋಹಾನ್ ವಿಖರ್ನ್ ಎಂಬ ಪಾದ್ರಿಯು 1839ರಲ್ಲಿಯೇ ಉತ್ತರ ಕೊಟ್ಟಿದ್ದಾನೆ. ದಿಕ್ಕಿಲ್ಲದ ಮಕ್ಕಳಿಗಾಗಿ ಅವನೊಂದು ಆಶ್ರಮವನ್ನು ನಡಸುತ್ತಿದ್ದನು. ಕ್ರಿಸ್ಮಸ್ ಎಂದು ಬರುವುದೆಂದು ಮಕ್ಕಳು ದಿನವೂ ಪೀಡಿಸಲು, ಅವನು ಒಂದು ಬಂಡಿಯ ಚಕ್ರಕ್ಕೆ ಮೇಣದ ಬತ್ತಿಗಳನ್ನು ನಿಲ್ಲಿಸಿದನು. ಭಾನುವಾರಗಳಿಗೆ ನಾಲ್ಕು ದೊಡ್ಡವು, ಉಳಿದ ದಿನಗಳಿಗೆ ಸಣ್ಣವು. ದಿನಕ್ಕೊಂದನ್ನು ಹೊತ್ತಿಸುತ್ತ ಹೋಗಲು ಬೆಳಕು ಹೆಚ್ಚುತ್ತ ಹೆಚ್ಚುತ್ತ ಹಬ್ಬ ಹತ್ತಿರವಾಗುವುದನ್ನು ಮಕ್ಕಳು ಕಣ್ಣಾರೆ ಕಂಡರು. ಇಂದು ಎಷ್ಟೋ ಚರ್ಚುಗಳಲ್ಲಿ ಕಾಣುವ ನಾಲ್ಕು ಬತ್ತಿಗಳ ಹಸುರು ವಲಯಕ್ಕೆ ಇದೇ ಮೂಲ. ಕಾಯುವುದನ್ನೇ ವಿಖರ್ನನು ಸಂತೋಷವನ್ನಾಗಿ ಮಾಡಿದನು. ಫಿಲಿಪೀನ್ಸ್ ದ್ವೀಪಗಳಲ್ಲಿ ಸೆಪ್ಟೆಂಬರಿನಲ್ಲಿಯೇ ಕ್ರಿಸ್ಮಸ್ಸಿನ ಹಾಡುಗಳು ಕೇಳಿಬರುತ್ತವೆಂಬುದು ನಿಜ. ಆದರೆ ಆ ಜನರು ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಬೆಳಕು ಹರಿಯುವ ಮುಂಚೆ ಎದ್ದು ಪೂಜೆಗೆ ಹೋಗುವುದನ್ನೂ ನಾವು ಮರೆಯಬಾರದು. ಬೇಗ ಹಾಡಿದವರು ಅಲ್ಲಿ ಬೇಗ ಏಳುವುದನ್ನೂ ಕಲಿತಿದ್ದಾರೆ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ನಮ್ಮ ಪ್ರಶ್ನೆಗೆ ಒಂದೇ ತಾರೀಖು ಉತ್ತರವಾಗಲಾರದು. ಹಣ ಕೂಡಿಸುವ ಕೆಲಸಕ್ಕೆ ವರ್ಷವೆಲ್ಲ ಇದೆ. ದರ್ಜಿಗೂ ಅಂಚೆಗೂ ಒಪ್ಪಿಸುವುದನ್ನು, ನೆನೆದು ಹಣ್ಣಾಗಬೇಕಾದುದನ್ನು ನವೆಂಬರಿನೊಳಗೆ ಮುಗಿಸಬೇಕು. ಮನಸ್ಸಿಗೆ ಆಗಮನದ ನಾಲ್ಕು ವಾರ ಸಾಕು. ತಿಂಡಿಗಳಿಗೆ ಕೊನೆಯ ವಾರ. ಮರಕ್ಕೂ ದೀಪಕ್ಕೂ ಹಾಡಿಗೂ ಹಬ್ಬದ ಹೊಸ್ತಿಲು. ಅಂಗಡಿಯವರು ಈ ಕ್ರಮವನ್ನು ಒಪ್ಪುವರೆಂದು ನಾವು ನಿರೀಕ್ಷಿಸುವುದಿಲ್ಲ. ಮನೆಯವರು ಒಪ್ಪಿದರೆ ಸಾಕು, ಹಬ್ಬ ಉಳಿಯುತ್ತದೆ.

ನಮ್ಮ ಕಡೆಯ ಕ್ರೈಸ್ತರ ಹಲವು ಮನೆಗಳಲ್ಲಿ ಒಂದು ಪದ್ಧತಿಯುಂಟು. ಕೂಸು ಯೇಸುವಿನ ಗೋದಲಿಯನ್ನು ಮಾಡುವಾಗ ಅದರ ಸುತ್ತ ಹಸುರು ಬೇಕೆಂದು, ಡಿಸೆಂಬರ್ ನಡುವಿನಲ್ಲಿ ಸಣ್ಣ ತಟ್ಟೆಗಳಲ್ಲಿ ಮಣ್ಣು ಹಾಕಿ ರಾಗಿಯನ್ನೊ ಗೋಧಿಯನ್ನೊ ಚೆಲ್ಲಿ ನೀರು ಚಿಮುಕಿಸುವರು. ಹತ್ತು ಹನ್ನೆರಡು ದಿನಗಳಲ್ಲಿ ಎಳೆಯ ಪೈರು ಗೇಣುದ್ದಕ್ಕೆ ಹತ್ತಿರವಾಗುತ್ತದೆ. ತಿಂಗಳಿಗೆ ಮುಂಚೆ ಬಿತ್ತಿದರೆ ಹಬ್ಬದ ದಿನ ಹಳದಿ ತಿರುಗಿ ಬಾಗಿರುತ್ತದೆ. ಹಿಂದಿನ ದಿನ ಬಿತ್ತಿದರೆ ಬರಿಯ ಮಣ್ಣು. ಆ ತಟ್ಟೆಗೆ ಯಾವ ಜಾಹೀರಾತೂ ಕೇಳಿಸುವುದಿಲ್ಲ. ಕಾಳಿಗೆ ಬೇಕಾದ ದಿನಗಳಷ್ಟನ್ನೇ ಅದು ಕೇಳುತ್ತದೆ. ಮಗು ಬೆಳಗ್ಗೆ ಎದ್ದೊಡನೆ ಓಡಿಹೋಗಿ ಮೊಳಕೆ ಎಷ್ಟು ಬಂದಿತೆಂದು ನೋಡುವ ಆ ಹತ್ತು ದಿನಗಳ ಕುತೂಹಲದಲ್ಲಿ ಹಬ್ಬದ ಸಿದ್ಧತೆಯ ಸಾರವೆಲ್ಲವೂ ಅಡಗಿದೆಯೆಂದು ನಮಗೆ ತೋರುತ್ತದೆ.